ತುಳಿಯುವವನ ಮೆಟ್ಟು

(ಬಾನುಲಿ ಭಾಷಣ)



ಕನ್ನಡದಲ್ಲಿ ‘ಮೆಟ್ಟು’ ಎಂಬ ಮಾತು ಎರಡು ಕೆಲಸ ಮಾಡುತ್ತದೆ. ಕ್ರಿಯಾಪದವಾದಾಗ ಅದು ಕಾಲಿನ ಕೆಲಸವನ್ನು ಹೇಳುತ್ತದೆ. ನಾಮಪದವಾದಾಗ ಕಾಲಿನ ತೊಡುಗೆಯನ್ನು ಹೇಳುತ್ತದೆ. ಸಂಸ್ಕೃತದಿಂದ ಬಂದ ‘ಪಾದರಕ್ಷೆ’ ಎಂಬ ಪದದಲ್ಲಿ ಪಾದವನ್ನು ಕಾಯುವ ಭಾವವಷ್ಟೇ ಇದೆ. ನಮ್ಮ ‘ಮೆಟ್ಟಿ’ನಲ್ಲಿ ನೆಲವನ್ನು ಊರಿ ಹಿಡಿಯುವ ಭಾವವೂ ಇದೆ. ಇನ್ನೊಂದು ಮಾತನ್ನು ಗಮನಿಸಿ. ಇಂಗ್ಲಿಷರು ಸೈಕಲ್ಲಿನ ಮೇಲೆ ಸವಾರಿ ಮಾಡಿದರೆ ನಾವು ಸೈಕಲ್ಲನ್ನು ‘ತುಳಿಯುತ್ತೇವೆ’. ಇಷ್ಟು ದೊಡ್ಡ ಯಂತ್ರದಲ್ಲಿ ಕನ್ನಡಿಗನ ಕಣ್ಣು ಮೊದಲು ಬಿದ್ದದ್ದು ಗಾಲಿಯ ಮೇಲಲ್ಲ, ಹ್ಯಾಂಡಲ್ಲಿನ ಮೇಲೂ ಅಲ್ಲ. ಅಂಗಾಲೂ ಪೆಡಲೂ ಕೂಡುವ ಅಂಗೈಯಗಲದ ಜಾಗದ ಮೇಲೆ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಆ ಅಂಗೈಯಗಲದ ಜಾಗವನ್ನು ಕುರಿತು ಮಾತನಾಡಬೇಕಾಗಿ ಬಂದ ಸಂದರ್ಭವನ್ನು ಈಗ ನಿಮಗೆ ಹೇಳುತ್ತೇನೆ.

ನನ್ನ ತಮ್ಮ ಹೊಸದುರ್ಗದ ಸೀಮೆಯ ಒಂದು ಹಳ್ಳಿಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದಾನೆ. ಅವನ ಮೊಮ್ಮಗ ಚಿತ್ರದುರ್ಗದಲ್ಲಿ ನಮ್ಮ ಮನೆಯಲ್ಲಿದ್ದು ಡಿಪ್ಲೊಮಾ ಓದುತ್ತಿದ್ದಾನೆ. ನನ್ನನ್ನು ದೊಡ್ಡಜ್ಜ ಎಂದು ಕರೆಯುತ್ತಾನೆ. ಹಳ್ಳಿಯಲ್ಲಿ ಬೆಳೆದ ಹುಡುಗ. ರಜೆಯ ದಿನ ಕೋಣೆಯಲ್ಲಿ ಕೂರುವವನಲ್ಲ. ರಜೆಯಲ್ಲಿ ದುಡಿದು ಕೂಡಿಸಿದ ಹಣದಲ್ಲಿ ಯಾರೋ ಬಳಸಿ ಬಿಟ್ಟ ಗೇರ್ ಸೈಕಲ್ಲೊಂದನ್ನು ಒಂಬತ್ತು ಸಾವಿರ ರೂಪಾಯಿಗೆ ಕೊಂಡ. ದಪ್ಪ ಟೈರಿನ, ಮುಂದೆ ಸ್ಪ್ರಿಂಗಿನ ಕಾಲಿರುವ, ಬೆಟ್ಟದ ಹಾದಿಗೆಂದೇ ಮಾಡಿದ ಸೈಕಲ್ಲು. ಭಾನುವಾರದ ಬೆಳಗಿನ ಜಾವ ಎದ್ದು ಗುಡ್ಡದ ಕಡೆಯ ಮಣ್ಣಿನ ದಾರಿಗಳಿಗೆ ಹೋಗುವುದು ಅವನ ವಾಡಿಕೆಯಾಯಿತು.

ಒಂದು ಭಾನುವಾರ ಅವನು ಕುಂಟುತ್ತ ಬಂದ. ಬಲಗಾಲಿನ ಮೊಣಕಾಲಿನ ಕೆಳಗೆ, ಮೂಳೆಯ ಮೇಲಿನ ತೆಳ್ಳನೆಯ ಚರ್ಮ ಬಾಚಣಿಗೆಯಲ್ಲಿ ಗೀರಿದಂತೆ ನಾಲ್ಕು ಸಾಲಾಗಿ ಹರಿದಿತ್ತು. ಇಳಿಜಾರಿನಲ್ಲಿ ಗಾಲಿ ಒಂದು ಕಲ್ಲಿನ ಮೇಲೆ ನೆಗೆದಾಗ ಪಾದ ಪೆಡಲಿನಿಂದ ಜಾರಿತು. ಪೆಡಲು ಗಿರ್ರನೆ ತಿರುಗಿ ತನ್ನ ಮೊಳೆಗಳಿಂದ ಕಾಲನ್ನು ಉತ್ತುಬಿಟ್ಟಿತು. ಅರಿಶಿನ ಹಚ್ಚುವ ಕಾಲ ಹೋಯಿತೆಂದು ಆಸ್ಪತ್ರೆಗೆ ಕರೆದೊಯ್ದೆ. ಧನುರ್ವಾತದ ಸೂಜಿ ಹಾಕಿಸಿಕೊಂಡು ಬಂದ ಮೇಲೆ ಅವನು ತನ್ನ ಫೋನಿನಲ್ಲಿ ಒಂದು ಶೂವಿನ ಚಿತ್ರ ತೋರಿಸಿದ. ಇಂಥ ಸೈಕಲ್ಲಿಗೆಂದೇ ಪರದೇಶದಲ್ಲಿ ಮಾಡಿದ ಶೂ; ಬೆಲೆ ಹತ್ತು ಸಾವಿರದ ಆಸುಪಾಸು. “ದೊಡ್ಡಜ್ಜ, ಇದನ್ನು ಕೊಳ್ಳಲು ನನ್ನಿಂದ ಆಗುವುದಿಲ್ಲ. ಸೈಕಲ್ಲನ್ನೇ ಮಾರಿಬಿಡುತ್ತೇನೆ,” ಎಂದ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಗಾದೆ ಹೇಳಿ ಅವನನ್ನು ಸುಮ್ಮನಾಗಿಸಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಹಳೆಯ ಕಾರಣವೊಂದಿತ್ತು.

1978ನೆಯ ಇಸವಿ. ನಾನು ಬಿ.ಎ. ವಿದ್ಯಾರ್ಥಿ. ಊರಿಗೆ ಬಂದಿದ್ದವನು ಹೊಳಲ್ಕೆರೆಯ ಕಡೆಯ ನೆಂಟರ ಮನೆಗೆ ತಮ್ಮನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟಿದ್ದೆ. ಪುನರ್ವಸು ಮಳೆಯ ಜಿಟಿಜಿಟಿ. ನನ್ನ ಕಾಲಿನಲ್ಲಿ ಹವಾಯಿ ಚಪ್ಪಲಿ; ಅದರ ಅಟ್ಟೆ ಸವೆದು ಕನ್ನಡಿಯಾಗಿತ್ತು. ಪೆಡಲಿನ ರಬ್ಬರು ತುಂಡುಗಳೂ ಸವೆದು ನುಣುಪಾಗಿದ್ದವು. ಇಳಿಜಾರಿನ ತಿರುವಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂತು. ಬ್ರೇಕು ಹಿಡಿದು ಪಾದವನ್ನು ಒತ್ತಿ ಊರಿದೆ, ಪಾದ ಜಾರಿತು. ಅಷ್ಟೇ. ನನಗೆ ಅಂಗೈ ತರಚಿತು. ಹನ್ನೆರಡು ವರ್ಷದ ತಮ್ಮನ ಮೊಣಕೈ ಮುರಿಯಿತು. ಕಟ್ಟು ಹಾಕಿಸಿದೆವು, ಮೂಳೆ ಕೂಡಿತು. ಆದರೆ ಆ ಕೈ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಈ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅವನು ಒಮ್ಮೆಯೂ ಅದನ್ನು ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಈಗ ಅವನ ಮೊಮ್ಮಗನ ಪಾದವೂ ಅದೇ ಅಂಗೈಯಗಲದ ಜಾಗದಲ್ಲಿ ಜಾರಿತ್ತು. ಸೈಕಲ್ಲು ಮಾರಬೇಡ, ಕಡಿಮೆ ಬೆಲೆಗೆ ತಕ್ಕ ಮೆಟ್ಟನ್ನು ಹುಡುಕೋಣ ಎಂದೆ.

ಹುಡುಕುವ ಮೊದಲು ಏನನ್ನು ಹುಡುಕಬೇಕೆಂದು ತಿಳಿಯಬೇಕಲ್ಲವೆ? ಹುಡುಗ ನನಗೆ ಗುರುವಾದ. ಇಂದಿನ ಸೈಕಲ್ಲುಗಳಲ್ಲಿ ಎರಡು ಬಗೆಯ ಪೆಡಲುಗಳಿವೆ. ಒಂದು ಬಗೆಯಲ್ಲಿ ಶೂವಿನ ಅಟ್ಟೆಗೆ ಲೋಹದ ಕೊಂಡಿಯೊಂದನ್ನು ಬಿಗಿದಿರುತ್ತಾರೆ; ಅದು ಪೆಡಲಿಗೆ ಕಟಕ್ಕೆಂದು ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಡುತ್ತದೆ. ಪಂದ್ಯದವರು ಹೆಚ್ಚಾಗಿ ಬಳಸುವುದು ಇದನ್ನು. ಇನ್ನೊಂದು ಬಗೆ ಚಪ್ಪಟೆ ಪೆಡಲು. ಅದು ಅಂಗೈಯಷ್ಟು ಅಗಲವಾದ ಒಂದು ಹಲಗೆ. ಎರಡು ಮೈಯಲ್ಲೂ ಅಂಚಿನ ಸುತ್ತ ಕಡಲೆಕಾಳಿನ ಎತ್ತರದ ಮೊಳೆಗಳಿರುತ್ತವೆ. ಇಲ್ಲಿ ಕೊಂಡಿಯಿಲ್ಲ, ಪಟ್ಟಿಯಿಲ್ಲ. ಬೇಕೆಂದಾಗ ಪಾದವನ್ನು ತೆಗೆದು ನೆಲಕ್ಕೆ ಊರಬಹುದು. ಕಲ್ಲು ಕೊರಕಲಿನ ಅಪರಿಚಿತ ಹಾದಿಯಲ್ಲಿ, ಕಲಿಯುವವನಿಗೆ, ಇದು ದೊಡ್ಡ ಧೈರ್ಯ. ಆದರೆ ಕೊಂಡಿ ಮಾಡುವ ಕೆಲಸವನ್ನು ಇಲ್ಲಿ ರಬ್ಬರು ಮಾಡಬೇಕು. ಮೊಳೆ ರಬ್ಬರಿನೊಳಗೆ ತುಸು ಇಳಿದು ಕೂರಬೇಕು; ಮೇಲಿನಿಂದ ಮೈಯ ಭಾರ ಅದನ್ನು ಒತ್ತಿ ಹಿಡಿಯಬೇಕು. ಇಡೀ ವಿದ್ಯೆ ಇಷ್ಟೇ.

ಬೆಟ್ಟದ ಸೈಕಲ್ಲಿನ ಚರಿತ್ರೆಯೂ ಹಳೆಯ ಸಾಮಾನಿನಿಂದಲೇ ಶುರುವಾದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಕೌಂಟಿಯಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ದುರಸ್ತಿ ಮಾಡಿಕೊಂಡು ಗುಡ್ಡದಿಂದ ಮಣ್ಣುದಾರಿಯಲ್ಲಿ ಇಳಿಯುವ ಪಂದ್ಯ ಹೂಡಿದರು. 1976ರಲ್ಲಿ ಆರಂಭವಾದ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂದು ಹೆಸರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂಗಾಲಿಯ ಬ್ರೇಕಿನ ಗ್ರೀಸು ಕಾದು ಹೊಗೆಯಾಗುತ್ತಿತ್ತಂತೆ. ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು. ಆ ಆಟ ಬೆಳೆದು 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿಗೂ ಸೇರಿತು. ಮೊದಲು ಇಳಿದವರ ಕಾಲಿನಲ್ಲಿ ಬೆಟ್ಟದ ಸೈಕಲ್ಲಿಗೆಂದೇ ಮಾಡಿದ ಶೂ ಇರಲಿಲ್ಲ. ಅಂಥ ಶೂ ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ನಾಡಿನಲ್ಲಿಯಾದರೂ ಹಾಲಿನ ಕ್ಯಾನು, ತೆಂಗಿನಕಾಯಿ, ಹಸಿಹುಲ್ಲಿನ ಹೊರೆ ಹೇರಿಕೊಂಡು ಗಾಡಿಜಾಡಿನಲ್ಲಿ ಸೈಕಲ್ಲು ತುಳಿದ ತಲೆಮಾರುಗಳು ಎಷ್ಟಿಲ್ಲ! ಅವರ ಕಾಲಿನಲ್ಲಿದ್ದದ್ದು ಹಳೆಯ ಲಾರಿ ಟೈರು ಕೊಯ್ದು ಮಾಡಿದ ಮೆಟ್ಟು. ಮುಳ್ಳಿಗೆ ಅದು ಜಗ್ಗದು. ಆದರೆ ಬಿರುಸು, ಬಾಗದು.

ಈಗ ಮನೆಯಲ್ಲಿದ್ದ ಮೆಟ್ಟುಗಳ ವಿಚಾರ. ಹುಡುಗ ಜಾರಿದ ದಿನ ತೊಟ್ಟಿದ್ದದ್ದು ಓಟದ ಶೂ. ಓಡುವವನಿಗೆ ಮೆತ್ತನೆಯ ದಪ್ಪ ಅಟ್ಟೆ ಬೇಕು, ಹಿಮ್ಮಡಿ ಎತ್ತರವಿರಬೇಕು, ತುದಿ ದೋಣಿಯಂತೆ ಮೇಲಕ್ಕೆ ಬಾಗಿರಬೇಕು. ಈ ಮೂರೂ ಗುಣಗಳು ಪೆಡಲಿನ ಮೇಲೆ ದೋಷಗಳೇ. ಬಾಗಿದ ಅಟ್ಟೆ ಹಲಗೆಯ ಮೇಲೆ ಸಮನಾಗಿ ಕೂರದು. ನೊರೆಯಂಥ ದಪ್ಪ ಪದರದಲ್ಲಿ ಪೆಡಲು ಎಲ್ಲಿದೆಯೆಂದು ಪಾದಕ್ಕೆ ತಿಳಿಯದು. ಹಾಗಾದರೆ ಚಾರಣದ ಬೂಟು ಆದೀತೆ? ಅದರ ಅಟ್ಟೆಯಲ್ಲಿ ಆಳವಾದ ಹಲ್ಲುಗಳು. ಪೆಡಲಿನ ಮೊಳೆ ಹಲ್ಲುಗಳ ನಡುವಿನ ಸಂದಿಗೆ ಬಿದ್ದು ಅಲ್ಲಾಡುತ್ತದೆ; ಹಲ್ಲಿನ ಮೇಲೆ ಕೂತರೆ ಅಲ್ಲಿನ ರಬ್ಬರು ಗಟ್ಟಿಯಾದ್ದರಿಂದ ಒಳಗಿಳಿಯದು. ಚಪ್ಪಲಿಯ ಮಾತನ್ನು ನಾನು ಆಡಬೇಕಾಗಿಲ್ಲ. ಸರ್ಕಾರಿ ಶಾಲೆಯ ಮಕ್ಕಳು ತೊಡುವ ಕಪ್ಪು ಶೂ ನಡೆಯುವುದಕ್ಕೆ ಸರಿ, ಆದರೆ ಅದರ ಅಟ್ಟೆ ನುಣುಪು. ನಾವು ಪಿ.ಟಿ. ಶೂ ಎನ್ನುತ್ತಿದ್ದ ಬಿಳಿಯ ಕ್ಯಾನ್‌ವಾಸ್ ಶೂ ಇವೆಲ್ಲಕ್ಕಿಂತ ಮೇಲು. ಅಟ್ಟೆ ಚಪ್ಪಟೆ, ರಬ್ಬರು ಮೆದು. ಆದರೆ ಅದು ತೀರ ತೆಳು. ಪೆಡಲಿನ ಅಂಚಿಗೆ ಅಂಗಾಲು ಮಡಿಸಿಕೊಂಡು ಅರ್ಧ ಗಂಟೆಯಲ್ಲಿ ನೋಯುತ್ತದೆ. ಜಾಲಿಯ ಮುಳ್ಳು ನೇರವಾಗಿ ಒಳಗೆ ಬರುತ್ತದೆ.

ಹತ್ತು ಸಾವಿರದ ಶೂವಿನಲ್ಲಿ ಇರುವುದಾದರೂ ಏನು ಎಂದು ಕೇಳಿದೆ. ಉತ್ತರ ಕೇಳಿ ನಮ್ಮ ದುರ್ಗದ ನೆನಪೇ ಆಯಿತು. ಆ ಶೂವಿನ ರಬ್ಬರು ಮೊದಲು ಹುಟ್ಟಿದ್ದು ಸೈಕಲ್ಲಿಗಲ್ಲ, ಬಂಡೆ ಏರುವವರಿಗೆ. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಕೋಲ್ ಎಂಬಾತ 1985ರಲ್ಲಿ ಫೈವ್ ಟೆನ್ ಎಂಬ ಸಂಸ್ಥೆ ಕಟ್ಟಿ ಬಂಡೆಗೆ ಅಂಟಿ ನಿಲ್ಲುವ ಅಟ್ಟೆಯ ಶೂ ಮಾಡಿದ. ಅದೇ ರಬ್ಬರು ಮುಂದೆ ಚಪ್ಪಟೆ ಪೆಡಲಿನ ಶೂವಿಗೂ ಬಂತು. ಮಕ್ಕಳ ಚೆಂಡಿನ ರಬ್ಬರು ನೆಲಕ್ಕೆ ಬಡಿದರೆ ಪುಟಿಯುತ್ತದೆ. ಈ ರಬ್ಬರು ಅಷ್ಟು ಪುಟಿಯದು. ಒತ್ತಿದಾಗ ಒರಟು ಮೈಗೆ ತಕ್ಕಂತೆ ತಗ್ಗಿ, ನಿಧಾನವಾಗಿ ಮೊದಲಿನಂತಾಗುತ್ತದೆ. ಆ ನಿಧಾನದಲ್ಲಿಯೇ ಹಿಡಿತವಿದೆ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆಯೇರಿದ ಕತೆಗಳನ್ನು ಕೇಳಿ ಬೆಳೆದವರು ನಾವು. ಏಳುಸುತ್ತಿನ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರಿ ಹೆಸರಾದ ಜ್ಯೋತಿರಾಜ್ ನಮ್ಮ ಕಾಲದವರೇ. ಉಡದ ಪಟ್ಟು ಎಂದರೇನೆಂದು ದುರ್ಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮಗೆ ಬೇಕಾಗಿದ್ದದ್ದು ಆ ಪಟ್ಟು. ಅದರ ಮೇಲಿನ ಹೆಸರಲ್ಲ.

ಒಂದು ಸಂಜೆ ನಾವಿಬ್ಬರೂ ಪೇಟೆಗೆ ಹೊರಟೆವು. ಸಂಜೆಯೇ ಹೋಗಬೇಕು, ದಿನವೆಲ್ಲ ನಡೆದ ಪಾದ ಸಂಜೆಗೆ ತುಸು ಊದಿರುತ್ತದೆ, ಬೆಳಗ್ಗೆ ಸರಿಯೆನಿಸಿದ ಶೂ ಮಧ್ಯಾಹ್ನಕ್ಕೆ ಕಚ್ಚತೊಡಗುತ್ತದೆ. ಸೈಕಲ್ಲು ತುಳಿಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು. ಅಂಗಡಿಯಲ್ಲಿ ನಾವು ನಾಲ್ಕು ಪರೀಕ್ಷೆಗಳನ್ನು ಇಟ್ಟುಕೊಂಡೆವು. ಪರೀಕ್ಷೆ ಇಡುವುದು ನನ್ನ ಹಳೆಯ ಕಸುಬು ತಾನೆ!

ಮೊದಲನೆಯದು ಉಗುರಿನ ಪರೀಕ್ಷೆ. ಹೆಬ್ಬೆರಳ ಉಗುರನ್ನು ಅಟ್ಟೆಗೆ ಒತ್ತಬೇಕು. ಗುರುತು ಬಿದ್ದು ನಿಧಾನವಾಗಿ ಮಾಯವಾದರೆ ಉತ್ತೀರ್ಣ. ಗುರುತೇ ಬೀಳದಿದ್ದರೆ ಅದು ಪ್ಲಾಸ್ಟಿಕ್ಕಿನ ಸೋದರ. ಎರಡನೆಯದು ಮೇಜಿನ ಪರೀಕ್ಷೆ. ಶೂವನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಪಕ್ಕದಿಂದ ನೋಡಬೇಕು. ಹೆಬ್ಬೆರಳ ಬುಡದಿಂದ ಪಾದದ ನಡುವಿನವರೆಗೆ ಅಟ್ಟೆ ಗಾಜಿಗೆ ಅಂಟಿ ಕೂತಿರಬೇಕು. ಪೆಡಲು ಬರುವುದು ಅಲ್ಲಿಯೇ. ಅಟ್ಟೆಯ ಮೇಲಿನ ಗೀರುಗಳು ಆಳವಿಲ್ಲದೆ ಒತ್ತೊತ್ತಾಗಿದ್ದರೆ ಒಳ್ಳೆಯದು. ಮೂರನೆಯದು ಬಾಗಿಸುವ ಪರೀಕ್ಷೆ. ತುದಿಯನ್ನೂ ಹಿಮ್ಮಡಿಯನ್ನೂ ಹಿಡಿದು ಮಡಿಸಿದರೆ ಶೂ ಬೆರಳುಗಳ ಬಳಿ ಬಾಗಬೇಕು. ನಡುವಿನಲ್ಲಿ ದೋಸೆಯಂತೆ ಮಡಿಸಿಕೊಳ್ಳಬಾರದು. ನಾಲ್ಕನೆಯದು ಬೆರಳಿನ ಪರೀಕ್ಷೆ. ಶೂವಿನ ಮೂತಿಯನ್ನು ಒತ್ತಿದರೆ ಅದು ಎದುರೊತ್ತಬೇಕು, ಏಕೆಂದರೆ ಗುಡ್ಡದ ಹಾದಿಯ ಕಲ್ಲು ಮೊದಲು ಮುತ್ತಿಡುವುದು ಅಲ್ಲಿಗೆ. ಒಳಗೆ ಬೆರಳ ತುದಿಗೂ ಮೂತಿಗೂ ನಡುವೆ ಕಿರುಬೆರಳಿನಷ್ಟು ಜಾಗವಿರಬೇಕು. ಬರಿಗಾಲಿನಲ್ಲಿ ಬೆಳೆದ ನಮ್ಮ ಹಳ್ಳಿಯ ಪಾದಗಳು ಮುಂದೆ ಅಗಲ. ಎಷ್ಟೋ ಶೂಗಳು ಅಲ್ಲಿ ಇಕ್ಕಟ್ಟು. ಉದ್ದ ಸರಿಯಿದೆಯೆಂದು ಮರುಳಾಗಬಾರದು.

ಮೂರು ಅಂಗಡಿ ತಿರುಗಿದೆವು. ಹಲಗೆಗೆ ಗಾಲಿ ಕಟ್ಟಿಕೊಂಡು ಆಡುವವರ ಚಪ್ಪಟೆ ಶೂವಿನ ಮಾದರಿಗಳು ಬಂದಿದ್ದವು. ಆ ಬಗೆಯ ಶೂ ಪೆಡಲಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ನಮ್ಮ ಕೈಗೆ ಸಿಕ್ಕ ಅಗ್ಗದ ನಕಲುಗಳು ನೋಟಕ್ಕೆ ಮಾತ್ರ ಹಾಗಿದ್ದು ಉಗುರಿನ ಪರೀಕ್ಷೆಯಲ್ಲಿಯೇ ನಪಾಸಾದವು. ಕೊನೆಗೆ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಬ್ಯಾಡ್ಮಿಂಟನ್, ವಾಲಿಬಾಲ್ ಆಡುವವರ ಶೂ ಕಂಡಿತು. ಬೆಲ್ಲದ ಬಣ್ಣದ ಅಟ್ಟೆ. ಅಂಕಣದಲ್ಲಿ ಆಟಗಾರ ಥಟ್ಟನೆ ನಿಂತು ತಿರುಗಬೇಕಾದ್ದರಿಂದ ಆ ರಬ್ಬರನ್ನು ಜಿಗುಟಾಗಿ ಮಾಡಿರುತ್ತಾರೆ. ಉಗುರಿಗೂ ಮೇಜಿಗೂ ಅದು ಗೆದ್ದಿತು. ಮೂತಿಗೆ ಕೃತಕ ಚರ್ಮದ ಹೊದಿಕೆಯಿದ್ದ ಒಂದು ಜೊತೆ ಆರಿಸಿದೆವು. ಬರೀ ಬಲೆಬಟ್ಟೆಯದಾದರೆ ಮುಳ್ಳಿಗೆ ಬಾಗಿಲು ತೆರೆದಂತೆ. ಬೆಲೆ 1,150 ರೂಪಾಯಿ. ಆದರೆ ಬಾಗಿಸುವ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಡಿಮೆ. ನಡುವಿನಲ್ಲಿ ಹೆಚ್ಚಾಗಿ ಬಾಗುತ್ತಿತ್ತು.

ಅದಕ್ಕೆ ಪರಿಹಾರ ಹೇಳಿದವರು ಬೀದಿಯ ಬದಿಯಲ್ಲಿ ಕೂತು ಮೆಟ್ಟು ಹೊಲಿಯುವ ಒಬ್ಬ ಹಿರಿಯರು. ಶೂವನ್ನು ತಿರುಗಿಸಿ ನೋಡಿ, ಪೆಡಲು ಎಲ್ಲಿ ಬರುತ್ತದೆಂದು ಹುಡುಗನನ್ನು ಕೇಳಿ, ಒಳಗಿನ ಮೆತ್ತೆಯನ್ನು ಎತ್ತಿದರು. ರಂಪಿಗೆಯಿಂದ ಗಟ್ಟಿಯಾದ ತೆಳುಹಾಳೆಯೊಂದನ್ನು ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಮಾತ್ರ ಕೊಯ್ದು, ಅಂಚನ್ನು ಸವರಿ, ಮೆತ್ತೆಯ ಕೆಳಗೆ ಕೂರಿಸಿದರು. “ಬೆರಳ ತನಕ ಹಾಕಿದರೆ ನಡೆಯೋಕೆ ಬರಲ್ಲ ಸಾರ್,” ಎಂದರು. ಅಂಟು ಬಿಡದಿರಲೆಂದು ಅಟ್ಟೆಯ ಅಂಚಿಗೆ ಮೇಣ ಹಚ್ಚಿದ ದಾರದ ಹೊಲಿಗೆ ಹಾಕಿದರು. ಕೂಲಿ 120 ರೂಪಾಯಿ. ತನ್ನ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಮೆಟ್ಟು ಮಾಡಿದ ಹರಳಯ್ಯನ ಕತೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಬಸವಣ್ಣ ಅದನ್ನು ಕಾಲಿಗೆ ತೊಡದೆ ತಲೆಯ ಮೇಲಿಟ್ಟುಕೊಂಡರೆಂದು ಹೇಳುವಾಗ ನನ್ನ ಧ್ವನಿ ಗದ್ಗದವಾಗುತ್ತಿತ್ತು. ಆದರೆ ಮೆಟ್ಟು ಮಾಡುವವನ ಕೈ ಎಷ್ಟು ಬಲ್ಲದೆಂಬುದನ್ನು ಅಂದು ಆ ಬೀದಿಬದಿಯಲ್ಲಿ, ಅವರ ಎದುರು ಕುಕ್ಕುರುಗಾಲಿನಲ್ಲಿ ಕೂತು ಮೊದಲ ಬಾರಿ ನೋಡಿದೆ.

ಹೀಗೆ ಸಿದ್ಧವಾದ ಮೆಟ್ಟು ನಮ್ಮ ಜಿಲ್ಲೆಯ ನಾಲ್ಕು ಬಗೆಯ ನೆಲವನ್ನು ಕಂಡಿದೆ. ದುರ್ಗದಲ್ಲಿ ಜೋಗಿಮಟ್ಟಿಯ ಕಡೆಯ ಏರು. ಅಲ್ಲಿ ಬಂಡೆ ಪುಡಿಯಾದ ನೊರಜುಗಲ್ಲು ಗಾಲಿಯ ಕೆಳಗೆ ರಾಗಿಯಂತೆ ಉರುಳುತ್ತದೆ. ಅದು ಕಾಡು, ಅರಣ್ಯ ಇಲಾಖೆ ಬಿಟ್ಟ ದಾರಿಯಲ್ಲಿ, ಬಿಟ್ಟ ಹೊತ್ತಿನಲ್ಲಿ ಮಾತ್ರ ಹೋಗಬೇಕು ಎಂದು ಹುಡುಗನಿಗೆ ಕಟ್ಟಪ್ಪಣೆ. ಹಿರಿಯೂರಿನ ಕಡೆ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವಿದೆ. 1933ರ ಬಳಿಕ 2022ರಲ್ಲಿ ಕೋಡಿ ಬಿದ್ದಾಗ ನಾಡೆಲ್ಲ ನೋಡಲು ಹೋದ ಮಾರಿಕಣಿವೆ ಅದೇ. ಆ ಸೀಮೆಯ ಎರೆಮಣ್ಣು ಮಳೆಯಲ್ಲಿ ಅಟ್ಟೆಗೆ ಹಿಟ್ಟಿನ ಮುದ್ದೆಯಂತೆ ಮೆತ್ತಿಕೊಳ್ಳುತ್ತದೆ. ಎರೆಯ ಮುಂದೆ ಯಾವ ಬೆಲೆಯ ರಬ್ಬರೂ ಒಂದೇ. ಇಳಿದು, ಕಡ್ಡಿಯಿಂದ ಕೆರೆದು, ಪೆಡಲಿಗೆ ಎರಡು ಸಲ ಬಡಿದು ಹತ್ತಬೇಕು. ಹೊಳಲ್ಕೆರೆಯ ಅಡಿಕೆ ತೋಟಗಳ ನಡುವಿನ ಕೆಮ್ಮಣ್ಣಿನ ದಾರಿ ಒಣಗಿದಾಗ ಸೊಗಸು. ನೆರಳಿನ ಪಾಚಿಯ ಮೇಲೆ ಕಾಲೂರುವಾಗ ಎಚ್ಚರ ಬೇಕು. ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೋಡಿಕೊಳ್ಳಲು ಮಾಡಿದ ಮಣ್ಣುದಾರಿಗಳಿವೆ. ಅಲ್ಲಿ ಕೆಳಗೆ ಜಾಲಿ, ಮೇಲೆ ಗಾಳಿ. ದಪ್ಪ ಅಟ್ಟೆಯ ಬೆಲೆ ತಿಳಿಯುವುದು ಅಲ್ಲಿ.

ಮೆಟ್ಟಿನ ಮಹಿಮೆಯನ್ನು ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹಣ ಒಂದಕ್ಕೇ ಸಾಲುವುದಾದರೆ ಮೊದಲು ತಲೆಗೆ ಹೆಲ್ಮೆಟ್ಟು, ಆಮೇಲೆ ಕಾಲಿಗೆ ಶೂ. ಸವೆದ ಪ್ಲಾಸ್ಟಿಕ್ ಪೆಡಲಿನ ಮೇಲೆ ಹತ್ತು ಸಾವಿರದ ಶೂ ಕೂಡ ಜಾರುತ್ತದೆ. ಪೆಡಲೂ ಶೂವೂ ಗಂಡಹೆಂಡಿರಂತೆ, ಒಬ್ಬರನ್ನೇ ತಿದ್ದಿ ಫಲವಿಲ್ಲ. ತುಳಿಯುವ ಕ್ರಮವನ್ನೂ ಕಲಿಯಬೇಕು. ಇಳಿಜಾರಿನಲ್ಲಿ ಸೀಟಿನಿಂದ ತುಸು ಎದ್ದು, ಎರಡೂ ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು, ಹಿಮ್ಮಡಿಯನ್ನು ಕೆಳಕ್ಕೆ ಇಳಿಸಬೇಕು. ಆಗ ಗಾಲಿ ಕಲ್ಲಿಗೆ ಬಡಿದಾಗ ಪಾದ ಪೆಡಲಿನ ಮೇಲೆ ಇನ್ನಷ್ಟು ಒತ್ತಿ ಕೂರುತ್ತದೆ. ಲಾಡಿಯ ತುದಿಯನ್ನು ಒಳಕ್ಕೆ ಸಿಕ್ಕಿಸಬೇಕು. ಚೈನಿಗೆ ಸಿಕ್ಕಿದ ಲಾಡಿ ಎಷ್ಟೋ ಜನರನ್ನು ಉರುಳಿಸಿದೆ. ಒದ್ದೆಯಾದ ಶೂವನ್ನು ಒಲೆಯ ಬಳಿಯಾಗಲಿ ಸುಡುಬಿಸಿಲಿನಲ್ಲಾಗಲಿ ಒಣಗಿಸಬಾರದು, ಅಂಟು ಬಿಡುತ್ತದೆ. ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿ ನೆರಳಿನಲ್ಲಿಡಬೇಕು. ಜಿಗುಟು ರಬ್ಬರು ಬೇಗ ಸವೆಯುತ್ತದೆಂಬುದೂ ನಿಜ. ನಮ್ಮ 1,150 ರೂಪಾಯಿಯ ಶೂ ಹತ್ತು ಸಾವಿರದ ಶೂವಿನಷ್ಟು ಕಾಲ ಬಾಳದು, ಅಷ್ಟು ಹಿಡಿಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾನು ಆ ಗಾದೆಗೆ ಒಂದು ಮಾತು ಸೇರಿಸುತ್ತೇನೆ: ಹಾಸಿಗೆ ಚಿಕ್ಕದೆಂದು ಕಾಲನ್ನೇ ಚಾಚದೆ ಇರಬೇಡ.

ಕಳೆದ ತಿಂಗಳು ತಮ್ಮ ಊರಿನಿಂದ ಬಂದಿದ್ದ. ಜಗಲಿಯ ಮೇಲೆ ಒಣಗುತ್ತಿದ್ದ ಆ ಶೂವನ್ನು ಕಂಡು, ನೆಟ್ಟಗಾಗದ ತನ್ನ ಕೈಯಿಂದಲೇ ಎತ್ತಿಕೊಂಡ. ಯಾರೂ ಹೇಳಿಕೊಡದಿದ್ದರೂ ಹೆಬ್ಬೆರಳ ಉಗುರನ್ನು ಅಟ್ಟೆಗೆ ಒತ್ತಿ ನೋಡಿದ. ಗುರುತು ಮಾಯವಾಗುವವರೆಗೆ ನೋಡುತ್ತಲೇ ಇದ್ದ. ನನಗೆ 1978ರ ಆ ತಿರುವು ಕಣ್ಣ ಮುಂದೆ ಬಂತು. ಇಷ್ಟು ವರ್ಷ ಆಡದೆ ಉಳಿದ ಮಾತನ್ನು ಈಗ ಆಡುತ್ತಾನೆಂದು ಕಾದೆ.

“ಅಣ್ಣ, ಇದು ಮಳೆಗಾಲದಾಗೆ ಜಾರಲ್ವಾ?” ಎಂದ.

“ಜಾರುತ್ತೆ, ಆದರೆ ಕಡಿಮೆ,” ಎಂದೆ.

“ಹಂಗಾದರೆ ನನಗೂ ಒಂದು ಜೊತೆ ತೆಗೆಸಿಕೊಡು. ತೋಟಕ್ಕೆ ಈಗಲೂ ಸೈಕಲ್ಲಿನಾಗೇ ಹೋಗೋದು.”

ಆ ಸಂಜೆಯೇ ಮೂವರೂ ಅದೇ ಅಂಗಡಿಗೆ ಹೋದೆವು. ಶೂ ಕೊಟ್ಟ ಮಾತ್ರಕ್ಕೆ ಮುರಿದ ಮೊಣಕೈ ನೆಟ್ಟಗಾಗುವುದಿಲ್ಲ, ನಾನು ಬಲ್ಲೆ. ಆದರೆ ಅವನು ಸ್ಟೂಲಿನ ಮೇಲೆ ಕೂತಾಗ ನಾನೇ ಬಗ್ಗಿ ಲಾಡಿ ಕಟ್ಟಿದೆ. ತುದಿಯನ್ನು ಒಳಕ್ಕೆ ಸಿಕ್ಕಿಸಿದೆ. ಅವನು ಬೇಡವೆನ್ನಲಿಲ್ಲ.